ಹೆಸರು ತುಂಬದ ಅರ್ಜಿ

"ಏ ಕೆಸರೇಡಿ! ದಾರಿ ತಪ್ಪಿ ಬಂದೆಯೇನೇ? ಇದು ದುಡ್ಡಿನ ಪಾಠ ಕಣೇ, ಏಡಿ ಹಿಡಿಯೋ ಪಾಠ ಅಲ್ಲ!"

ಹಿಂದಿನ ಸಾಲಿನಿಂದ ತೂರಿಬಂದ ಆ ಮಾತಿಗೆ ಇಡೀ ತರಗತಿ ಗೊಳ್ಳೆಂದು ನಕ್ಕಿತು.

ಬಾಗಿಲಲ್ಲಿ ನಿಂತಿದ್ದ, ಮನೆಯಲ್ಲಿ ಮಿಲಾ ಎನಿಸಿಕೊಳ್ಳುವ ಉಲಾಮಿಲಾಳ ಕಾಲು ಅಲ್ಲೇ ಹೂತುಹೋದಂತಾಯಿತು. ದ್ವೀಪನಾಡಿನ ರಾಜಧಾನಿ ಸೂವಾದ ಮಳೆಗೆ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಮೈಮೇಲಿದ್ದದ್ದು ಚರ್ಚಿನ ಯುವಕ ಸಂಘದ ಹಳೇ ಅಂಗಿ. ಮನೆಯಲ್ಲಿ ಒಣಗಿದ್ದದ್ದು ಅದೊಂದೇ. ಎದೆಯ ಮೇಲೆ ದೊಡ್ಡಕ್ಷರದಲ್ಲಿ ತೀರಿಹೋದ ಅಪ್ಪನ ಊರಿನ ಹೆಸರು: ವೈತೊಗೊ.

ನದಿ ಸಮುದ್ರಕ್ಕೆ ಸೇರುವಲ್ಲಿ, ಕಾಂಡ್ಲಾ ಗಿಡಗಳ ಕೆಸರಿನ ನಡುವೆ ಇರುವ ಊರು ಅದು. ಅಲ್ಲಿಯವರು ಏಡಿ ಹಿಡಿದೇ ಬದುಕುವವರು. ಅದಕ್ಕೇ ಈ ಹಂಗಣೆ!

"ಬಾಮ್ಮಾ, ಬಾ," ಎಂದರು ಪಾಠದ ಮೇಷ್ಟ್ರು, ಹಾಜರಿಪಟ್ಟಿಯಿಂದ ತಲೆಯೆತ್ತದೆ. "ಒಟ್ಟು ನಲವತ್ತೊಂದು. ಅದರಲ್ಲಿ ಹುಡುಗಿಯರು ನಾಲ್ಕು! ಹೋದ ವರ್ಷ ಮೂರೇ ಇದ್ದರು. ಪ್ರಗತಿ, ಪ್ರಗತಿ!"

ಮತ್ತೆ ನಗು.

ಮಿಲಾ ತಿರುಗಿ ನೋಡಿದಳು. ಹಿಂದಿನ ಸಾಲಿನಲ್ಲಿ ಅಗಲ ಭುಜದ ಹುಡುಗನೊಬ್ಬ, ಕಿವಿಯ ಹಿಂದೆ ಕೆಂಪು ದಾಸವಾಳ ಸಿಕ್ಕಿಸಿಕೊಂಡು ಕೂತಿದ್ದ. ಹುಬ್ಬು ಮೇಲೇರಿಸಿ, ಕಣ್ಣಲ್ಲಿ ಏನೋ ಆಸೆ ತುಂಬಿಕೊಂಡು ಅವಳನ್ನೇ ನೋಡುತ್ತಿದ್ದ. 'ಹೂಂ, ಹೇಳು! ಈಗ ನಿನ್ನ ಸರದಿ!' ಎನ್ನುವಂತೆ.

ಎಂಥ ಸರದಿ? ಯಾವ ಸರದಿ?

ಅವಳು ಏನೂ ಹೇಳಲಿಲ್ಲ. ಮುಂದಿನ ಸಾಲಿನ ತುದಿಯಲ್ಲಿ ಹೋಗಿ ಕೂತಳು. ಬೆನ್ನು ಉರಿಯುತ್ತಿತ್ತು... ಮೊದಲ ದಿನವೇ!

ಆ ಹುಡುಗನ ಹೆಸರು ಸೈರುಸಿ. ಕಂದಾವು ದ್ವೀಪದ ವಾತುಲೆಕಾ ಊರಿನವನು. ಅಷ್ಟನ್ನು ಅವಳು ಮಧ್ಯಾಹ್ನದ ಹೊತ್ತಿಗೆ ತಿಳಿದುಕೊಂಡಳು. ತಿಳಿಯಬೇಕಾದದ್ದು ಇನ್ನೊಂದಿತ್ತು. ಅದು ತಿಳಿಯಲು ಮೂರು ತಿಂಗಳು ಹಿಡಿಯಿತು.

*

ಅವಳ ದಣಿವು ಅವತ್ತು ಶುರುವಾದದ್ದಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಅಮ್ಮ ತಿತಿಲಿಯಾಳ ಜೊತೆ ಮಾರುಕಟ್ಟೆಯಲ್ಲಿ ಕೆಸುವಿನ ಗೆಡ್ಡೆಯ ಮೂಟೆ ಇಳಿಸಬೇಕು. ತೊಳೆಯಬೇಕು, ಗುಡ್ಡೆ ಹಾಕಬೇಕು. ಏಳೂವರೆಗೆ ಬಸ್ಸು. ದಿನವಿಡೀ ತರಗತಿ. ಸಂಜೆ ಮತ್ತೆ ಮಾರುಕಟ್ಟೆ. ಓದುವುದು ಬಸ್ಸಿನಲ್ಲಿ, ನಿದ್ದೆ ಮಾಡುವುದೂ ಬಸ್ಸಿನಲ್ಲಿ.

"ಮಿಲಾ, ಕಣ್ಣ ಕೆಳಗೆ ಕಪ್ಪಾಗಿದೆ ನೋಡು," ಎಂದು ಅಮ್ಮ ದಿನವೂ ಅನ್ನುತ್ತಿದ್ದಳು.

"ನಿಂದೂ ಕಪ್ಪಾಗಿದೆ."

"ನನ್ನದು ವಯಸ್ಸಿಗೆ ಬಂದಿದ್ದು."

"ನನ್ನದು ನಿನ್ನಿಂದ ಬಂದಿದ್ದು!"

ಇಬ್ಬರೂ ನಗುತ್ತಿದ್ದರು. ನಗುವುದಕ್ಕೂ ಸುಸ್ತಾಗುತ್ತಿತ್ತು.

ಇಷ್ಟೆಲ್ಲ ಕಷ್ಟಪಟ್ಟು ಅವಳು ಫೈನಾನ್ಸ್ ಅನ್ನೇ ಯಾಕೆ ಆರಿಸಿಕೊಂಡಳು?

ಹದಿಮೂರು ವರ್ಷದವಳಿದ್ದಾಗ ಅಮ್ಮನ ಜೊತೆ ಒಂದು ಬ್ಯಾಂಕಿಗೆ ಹೋಗಿದ್ದಳು. ಮಾರುಕಟ್ಟೆಯ ಒಳಗೆ ಚಾವಣಿ ಇರುವ ಕಟ್ಟೆ ಹಿಡಿಯಲು ಸಾಲ ಬೇಕಿತ್ತು. ಹವಾಮಾನ, ಹಡಗಿನ ದಿನ, ಹಬ್ಬದ ವಾರ, ಎಲ್ಲ ಲೆಕ್ಕ ಹಾಕಿ ನಾಳೆ ಕೆಸು ಏನು ಬೆಲೆಗೆ ಹೋಗುತ್ತದೆಂದು ಹೇಳಬಲ್ಲ ಹೆಂಗಸು ಅವಳಮ್ಮ. ಮೇಜಿನ ಆ ಕಡೆ ಕೂತಿದ್ದ ಅಧಿಕಾರಿ ಕಾಗದವನ್ನೂ ನೋಡಲಿಲ್ಲ.

"ನಿಮ್ಮ ಯಜಮಾನರನ್ನ ಕರ್ಕೊಂಡು ಬನ್ನಿ."

"ಅವರು ತೀರಿಕೊಂಡು ಆರು ವರ್ಷ ಆಯ್ತು."

"ಹಾಗಾದ್ರೆ ಅಣ್ಣನೋ ತಮ್ಮನೋ... ಯಾರಾದ್ರೂ ಗಂಡಸರು?"

ಅಮ್ಮ ಎದ್ದಳು. ಬಟ್ಟೆಯ ನೆರಿಗೆ ಸರಿಮಾಡಿಕೊಂಡಳು. ಹೊರಗೆ ಬಂದು ಬಿಸಿಲಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಅಳಲಿಲ್ಲ, ಶಪಿಸಲೂ ಇಲ್ಲ. ಒಂದೇ ಮಾತು ಕೇಳಿದಳು:

"ಆ ಮೇಜಿನ ಆ ಕಡೆ ಕೂರೋಕೆ ಏನು ಓದ್ಬೇಕು ಮಿಲಾ?"

ಏನು ಓದಬೇಕೆಂದು ಮಿಲಾ ಹುಡುಕಿದಳು. ಹುಡುಕಿ ಇಲ್ಲಿಗೆ ಬಂದಳು.

ಪಕ್ಕದ ಕೋಣೆ ಲೆಕ್ಕಪತ್ರದ ತರಗತಿ. ಅಲ್ಲಿ ಹುಡುಗಿಯರು ಕೂರಲು ಜಾಗವಿಲ್ಲದೆ ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಅದರಾಚೆಯದು ಶಿಕ್ಷಕರ ತರಬೇತಿ, ಅಲ್ಲೂ ಹುಡುಗಿಯರೇ. ಈ ಒಂದು ಕೋಣೆಯಲ್ಲಿ ಮಾತ್ರ ನಾಲ್ವರು. ಆದ ಖರ್ಚನ್ನು ಬರೆದಿಡುವುದು ಹೆಣ್ಣಿನ ಕೆಲಸ, ಬರುವ ದುಡ್ಡು ಎಲ್ಲಿಗೆ ಹೋಗಬೇಕೆಂದು ಹೇಳುವುದು ಗಂಡಿನ ಕೆಲಸ. ಇದನ್ನು ಯಾರೂ ಗೋಡೆಯ ಮೇಲೆ ಬರೆದಿರಲಿಲ್ಲ. ಬರೆದಿದ್ದರೆ ಅಳಿಸಬಹುದಿತ್ತು!

*

ವಾರಗಳು ಉರುಳಿದವು. ಸೈರುಸಿ ಮಾತ್ರ ಅವಳನ್ನು ಬಿಡಲಿಲ್ಲ.

"ಏನೇ ಕೆಸರೇಡಿ, ಇವತ್ತೂ ಅಡ್ಡಡ್ಡ ನಡ್ಕೊಂಡು ಬಂದ್ಯಾ?"

ಅವಳ ಊಟದ ಡಬ್ಬಿ ತೆಗೆದು, ಬೇಯಿಸಿದ ಮರಗೆಣಸನ್ನು ಹೇಳದೆ ಕೇಳದೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. "ನಮ್ಮೂರ ಬಂಡೆ ಮೇಲೆ ಇದು ಬೆಳೆಯಲ್ಲ, ನಾನೇ ತಿನ್ನಬೇಕು!"

ಪೆನ್ನಂತೂ ಲೆಕ್ಕಕ್ಕೇ ಇಲ್ಲ. ಮೇಜಿನ ಮೇಲಿಟ್ಟು ಅತ್ತ ತಿರುಗಿದರೆ ಸಾಕು, ಇತ್ತ ಮಾಯ. ಎದುರಿಗೇ ತನ್ನ ಜೇಬಿಗೆ ಸಿಕ್ಕಿಸಿಕೊಂಡು ಹುಬ್ಬು ಹಾರಿಸುತ್ತಿದ್ದ.

ಮಿಲಾ ಬಾಯಿ ಬಿಡಲಿಲ್ಲ. ಜಗಳಕ್ಕೂ ಶಕ್ತಿ ಬೇಕಲ್ಲ! ಅವಳು ಸುಮ್ಮನಾದಷ್ಟೂ ಅವನ ಮುಖದಲ್ಲಿ ಏನೋ ಕುಂದುತ್ತಿತ್ತು. ಏಟು ತಿಂದವನ ಹಾಗೆ ಹಿಂದಿನ ಸಾಲಿಗೆ ಹೋಗಿ ಕೂರುತ್ತಿದ್ದ. ಮರುದಿನ ಮತ್ತೆ ಬರುತ್ತಿದ್ದ, ಇನ್ನೂ ಜೋರಾದ ಹಂಗಣೆ ಹೊತ್ತು.

ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಎಚ್ಚರವಾದಾಗ ಭುಜದ ಮೇಲೆ ನೀಲಿ ಬಟ್ಟೆಯೊಂದು ಹೊದಿಸಿತ್ತು. ಏಸಿಯ ಚಳಿಗೆ ಅಡ್ಡವಾಗಿ ಯಾರೋ ಕುರ್ಚಿಯನ್ನೂ ಸರಿಸಿಟ್ಟಿದ್ದರು. ಪುಸ್ತಕದ ಪಕ್ಕದಲ್ಲಿ ಕಾಗದದಲ್ಲಿ ಸುತ್ತಿದ ಒಂದು ಬನ್ನು. ಅದರ ಮೇಲೆ ಸ್ವಲ್ಪ ಬಾಡಿದ ಕೆಂಪು ದಾಸವಾಳ.

ಅವಳು ಹೂವನ್ನು ಕೈಗೆತ್ತಿಕೊಂಡಳು.

ಬೈಯುವವನೂ ಇವನೇ... ಹೊದಿಸುವವನೂ ಇವನೇ... ಎಂಥ ಮನುಷ್ಯನಪ್ಪಾ ಇವನು!

ಬನ್ನು ತಿಂದಳು. ಹೂವನ್ನು ಬಿಸಾಡಬೇಕೆಂದುಕೊಂಡಳು. ಯಾಕೋ ಪುಸ್ತಕದ ನಡುವೆ ಇಟ್ಟಳು.

*

ಆ ಹೂವು ಪೂರ್ತಿ ಒಣಗುವ ಮೊದಲೇ ಆ ದಿನ ಬಂತು.

ನಾಲ್ಕು ಜನರ ತಂಡ ಕಟ್ಟಿ, ದ್ವೀಪವೊಂದರ ಹೋಟೆಲ್ ಯೋಜನೆಗೆ ದುಡ್ಡು ಹಾಕಬಹುದೇ ಎಂದು ಲೆಕ್ಕ ಹಾಕಿ ತೋರಿಸಬೇಕಿತ್ತು. ಮಿಲಾಳ ತಂಡದ ಮುಂದಾಳು ಪ್ರನೀಲ್ ಮೊದಲೇ ಹೇಳಿಬಿಟ್ಟಿದ್ದ.

"ಲೆಕ್ಕ ಗಿಕ್ಕ ನಾವು ನೋಡ್ಕೋತೀವಿ. ಮಿಲಾ, ನೀನು ಸ್ಲೈಡು ಮಾಡು. ಬಣ್ಣ ಅಂದ್ರೆ ಹುಡುಗೀರಿಗೇ ಗೊತ್ತಾಗೋದು."

ಅವಳು ಸ್ಲೈಡು ಮಾಡಿದಳು. ಲೆಕ್ಕವನ್ನೂ ಮಾಡಿದಳು! ಪ್ರನೀಲ್ ಹಾಕಿದ್ದ ಲೆಕ್ಕದಲ್ಲಿ ಚಂಡಮಾರುತದ ತಿಂಗಳುಗಳಲ್ಲೂ ಹೋಟೆಲು ತುಂಬಿ ತುಳುಕುತ್ತಿತ್ತು. ಬಸ್ಸಿನಲ್ಲಿ, ಮೂರು ದಿನ, ತೊಡೆಯ ಮೇಲೆ ಪುಸ್ತಕವಿಟ್ಟು ಎಲ್ಲವನ್ನೂ ತಿದ್ದಿದಳು.

ಮೇಷ್ಟ್ರು ಪರದೆ ನೋಡಿ ಕನ್ನಡಕ ಸರಿಮಾಡಿಕೊಂಡರು. "ಭೇಷ್! ಚಂಡಮಾರುತದ ತಿಂಗಳು ಬಿಟ್ಟು ಲೆಕ್ಕ ಹಾಕಿದ್ದು ಯಾರು?"

ಮಿಲಾ ಬಾಯಿ ತೆರೆದಳು. ಮೂರು ತಿಂಗಳಲ್ಲಿ ಮೊದಲ ಸಲ, ಆ ಕೋಣೆಯಲ್ಲಿ, ಅವಳು ಮಾತಾಡಲಿದ್ದಳು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಆ ದನಿ!

"ಕೆಸರೇಡಿ ಅಂತೂ ಅಲ್ಲ ಸರ್! ಹೆಂಗಸರಿಗೆ ದುಡ್ಡು ಎಣಿಸೋಕೆ ಬರತ್ತೆ, ಆಳೋಕೆ ಬರತ್ತಾ?"

ಕೋಣೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರೂ ನಕ್ಕರು. ನಗುತ್ತಲೇ, "ಚೆನ್ನಾಗಿ ಮಾಡಿದೀಯ ಪ್ರನೀಲ್," ಎಂದು ಬರೆದುಕೊಂಡರು. ಪ್ರನೀಲ್ ಬೇಡ ಅನ್ನಲಿಲ್ಲ.

ಮಿಲಾ ತೆರೆದ ಬಾಯಿ ಮುಚ್ಚಿದಳು.

ಒಳಗೆ ಏನೋ ಒಂದು, ಬಹಳ ದಿನದಿಂದ ಎಳೆದು ಹಿಡಿದಿದ್ದ ಹಗ್ಗ, ಸದ್ದಿಲ್ಲದೆ ತುಂಡಾಯಿತು. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಬಂದದ್ದು ಬರೀ ಆಯಾಸ... 'ಸಾಕು. ಇನ್ನು ಸಾಕಪ್ಪಾ.'

ನೇರ ಸಲಹಾ ಕೋಣೆಗೆ ಹೋದಳು. ಅಲ್ಲಿನ ಹಿರಿಯರು ಮೃದು ಮಾತಿನವರು. ಅವಳಿಗೆ ಕುರ್ಚಿ ಎಳೆದುಕೊಟ್ಟರು.

"ಒಳ್ಳೇ ತೀರ್ಮಾನ ಮಗಳೇ. ಫೈನಾನ್ಸ್ ಬಿಟ್ಟು ಲೆಕ್ಕಪತ್ರ ತಗೋ. ಹುಡುಗೀರಿಗೆ ಹೇಳಿಮಾಡಿಸಿದ್ದು. ನಾಳೆ ಮದುವೆ, ಮಕ್ಕಳು ಅಂತ ಆದ್ರೂ ತೊಂದರೆ ಇಲ್ಲ. ನಾನು ಮೊದಲೇ ಹೇಳೋಣ ಅಂತಿದ್ದೆ, ನೀನು ನೊಂದ್ಕೋತೀಯ ಅಂತ ಸುಮ್ಮನಿದ್ದೆ."

ಹಂಗಿಸಿದವನ ಮಾತು ಬರೆ ಎಳೆದಿತ್ತು. ಈ ಕನಿಕರದ ಮಾತು ಆ ಬರೆಯ ಮೇಲೆ ಬಿಸಿ ಎಣ್ಣೆ ಸುರಿಯಿತು. ಹೆಣ್ಣುಮಕ್ಕಳನ್ನು ಬೈದು ಓಡಿಸಿದವರು ಕಡಿಮೆ. ಹೀಗೆ ಕುರ್ಚಿ ಎಳೆದುಕೊಟ್ಟು, ಬೆನ್ನು ಸವರಿ, ಬಾಗಿಲ ತನಕ ಬಿಟ್ಟುಬಂದವರೇ ಹೆಚ್ಚು!

ಅವರು ವಿಷಯ ಬದಲಾಯಿಸುವ ಖಾಲಿ ಅರ್ಜಿಯೊಂದಕ್ಕೆ ಸಹಿ ಹಾಕಿದರು. "ಹೆಸರು, ವಿಷಯ ತುಂಬಿ ಶುಕ್ರವಾರ ನಾಲ್ಕು ಗಂಟೆಯೊಳಗೆ ಕೊಡು. ಆಮೇಲೆ ಬದಲಾಯಿಸೋ ಹಾಗಿಲ್ಲ."

ಮಿಲಾ ಚೀಲದಲ್ಲಿ ಪೆನ್ನು ಹುಡುಕಿದಳು. ಒಂದೂ ಇರಲಿಲ್ಲ. ಎಲ್ಲ ಆ ಪುಣ್ಯಾತ್ಮನ ಜೇಬು ಸೇರಿದ್ದವು! ಕೇಳಿದ್ದರೆ ಆ ಹಿರಿಯರು ಕೊಡುತ್ತಿದ್ದರು.

ಅವಳು ಕೇಳಲಿಲ್ಲ. ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

*

ಬುಧವಾರ ಸಂಜೆ ವೈತೊಗೊದಿಂದ ಫೋನು ಬಂತು. ಅಪ್ಪನ ತಾಯಿ, ಬುಬು, ತೀರಿಕೊಂಡಿದ್ದಳು.

ಅಪ್ಪ ಹೋದ ಮೇಲೆ ಆ ಊರಿಗೆ ಅವರು ಹೋದದ್ದೇ ಅಪರೂಪ. ಮಿಲಾ ಬೆಳೆದದ್ದೆಲ್ಲ ಸೂವಾದ ತಗಡಿನ ಬಡಾವಣೆಯಲ್ಲಿ. ಅಪ್ಪನ ಕಡೆಯ ರೀತಿನೀತಿ ಅವಳಿಗೆ ಗೊತ್ತಿರಲಿಲ್ಲ. ಅಮ್ಮ ಬೇರೆ ದ್ವೀಪದವಳು, ಅವಳಿಗೂ ಗೊತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಬಸ್ಸು ಹಿಡಿದು, ದೋಣಿ ಹತ್ತಿ, ಇಬ್ಬರೂ ಊರು ಸೇರಿದರು. ಮನೆಯೊಳಗೆ ಚಾಪೆಗಳ ಮೇಲೆ ಚಾಪೆ. ನಡುವೆ ಬುಬು ಮಲಗಿದ್ದಳು. ಸುತ್ತ ಹೆಂಗಸರು ಸಣ್ಣ ದನಿಯಲ್ಲಿ ಅಳುತ್ತಿದ್ದರು. ಹೊರಗೆ ಗಂಡಸರು ಯಂಗೋನಾ ಬೇರು ಅರೆದು ಕದಡಿದ ಪಾನೀಯದ ಬೋಗುಣಿಯ ಸುತ್ತ ಕೂತಿದ್ದರು.

ಇದ್ದಕ್ಕಿದ್ದಂತೆ ಬಾಗಿಲಲ್ಲಿ ಗದ್ದಲ!

ಮುದುಕಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನುಗ್ಗಿದಳು. ಹೆಣದ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿದಳು.

"ಏಳೇ ಕೆಸರೇಡಿ! ನಾನು ದೋಣೀಲಿ ವಾಂತಿ ಮಾಡ್ಕೊಂಡು ಬಂದಿದೀನಿ, ನೀನು ಆರಾಮಾಗಿ ಮಲಗಿದೀಯಾ? ನನ್ನ ತಂಬಾಕು ಯಾರು ಕೊಡ್ತಾರೇ? ಸೋಮಾರಿ! ಯಾವಾಗ್ಲೂ ಹೀಗೇ, ಕೆಲಸ ಅಂದ್ರೆ ಮಲಗಿಬಿಡ್ತಾಳೆ!"

ಮಿಲಾ ಬೆಚ್ಚಿಬಿದ್ದಳು. ಸತ್ತವಳನ್ನು ಬೈಯುವುದೇ! ಆದರೆ ಅಳುತ್ತಿದ್ದ ಹೆಂಗಸರೆಲ್ಲ ಕಣ್ಣೀರಿನ ನಡುವೆಯೇ ನಗತೊಡಗಿದರು. ಮುದುಕಿ ಗೋಡೆಯ ಮೊಳೆಯಿಂದ ಬುಬುವಿನ ಬೀಸಣಿಗೆ ಕಿತ್ತುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿದಳು. ಯಾರೂ ತಡೆಯಲಿಲ್ಲ. ಮರುಗಳಿಗೆ ಅದೇ ಮುದುಕಿ ಹೆಣದ ಪಾದದ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ಯಾರು ಅತ್ತೆ ಇವರು?" ಎಂದು ಮಿಲಾ ಅಪ್ಪನ ತಂಗಿ ಲಾವೇನಿಯಾಳ ಕಿವಿಯಲ್ಲಿ ಕೇಳಿದಳು.

"ವಾತುಲೆಕಾದೋರು. ನಮ್ಮ ತೌವು."

"ತೌವು ಅಂದ್ರೆ?"

ಲಾವೇನಿಯಾ ಅಣ್ಣನ ಮಗಳ ಮುಖವನ್ನೇ ನೋಡಿದಳು. "ಈಸಾ, ಪಾಪದ ಹುಡುಗಿ! ನಿಮ್ಮಪ್ಪ ಇದ್ದಿದ್ರೆ ಹೇಳಿರ್ತಿದ್ದ. ಅವರೂರು, ನಮ್ಮೂರು ಒಂದೇ ಮೂಲದ್ದು ಕಣೇ. ಅವರು ನಮ್ಮನ್ನ ಎಷ್ಟು ಬೇಕಾದ್ರೂ ಬೈಬಹುದು. ನಮ್ಮದು ಏನು ಬೇಕಾದ್ರೂ ತಗೊಂಡು ಹೋಗಬಹುದು, ಕೇಳೋ ಹಾಗಿಲ್ಲ. ನಾವೂ ಅಷ್ಟೇ, ಅವರಿಗಿಂತ ಜೋರಾಗಿ ಬೈಬೇಕು. ಅದೇ ಪ್ರೀತಿ. ಅವರು ಬೈದಾಗ ನಾವು ಸುಮ್ಮನಿದ್ರೆ... ಅಯ್ಯೋ, ಅದಕ್ಕಿಂತ ಅವಮಾನ ಇಲ್ಲ!"

"ಅವಮಾನ... ಯಾರಿಗೆ?"

"ಬೈದೋರಿಗೆ! 'ನೀನು ನಮ್ಮೋನಲ್ಲ' ಅಂದ ಹಾಗೆ."

ಮಿಲಾಳಿಗೆ ಮೂರು ತಿಂಗಳ ತನ್ನ ಮೌನವೆಲ್ಲ ನೆನಪಾಯಿತು.

ಬಾಗಿಲಿಗೆ ಇನ್ನೊಂದು ನೆರಳು ಬಿತ್ತು. ಚಾಪೆಯ ಸುರುಳಿ ಹೊತ್ತ ಅಗಲ ಭುಜ... ಸೈರುಸಿ! ಅವಳನ್ನು ಕಂಡವನೇ ಅಲ್ಲೇ ನಿಂತುಬಿಟ್ಟ.

*

ಮಣ್ಣು ಮಾಡಿ ಬಂದ ಮೇಲೆ ನದಿಯ ದಡದಲ್ಲಿ ಇಬ್ಬರೂ ಎದುರಾದರು. ನೀರು ಇಳಿದು ಕೆಸರು ಕಾಣುತ್ತಿತ್ತು.

"ನಿಂಗೆ ಗೊತ್ತೇ ಇರಲಿಲ್ವಾ?" ಲಾವೇನಿಯಾಳಿಂದ ಎಲ್ಲ ಕೇಳಿದ್ದ ಸೈರುಸಿ ನಗುತ್ತಿದ್ದ. ಎದೆಯ ಮೇಲಿಂದ ಬಂಡೆಯೊಂದು ಉರುಳಿದವನ ನಗು. "ನಾನು ಏನೇನೋ ಅಂದ್ಕೊಂಡಿದ್ದೆ ಮಿಲಾ! ಈ ಹುಡುಗಿಗೆ ನಾವು ಬೇಡವೇ ಬೇಡ ಅಂತ... ಅಬ್ಬಾ! ಬರೀ ಗೊತ್ತಿಲ್ಲದೆ ಆಗಿದ್ದಾ!"

ಅವಳು ನಗಲಿಲ್ಲ.

"ನಿನ್ನನ್ನ ಒಂದು ಮಾತು ಕೇಳ್ಲಾ ಸೈರುಸಿ?"

"ಕೇಳು."

"ಕೆಸರೇಡಿ ಅಂದೆ. ಆಯ್ತು, ಅದು ನಿನ್ನ ಹಕ್ಕು. ಮರಗೆಣಸು ತಿಂದೆ, ಪೆನ್ನು ತಗೊಂಡೆ. ಅದೂ ಹಕ್ಕೇ. ಆದ್ರೆ ಅವತ್ತು 'ಹೆಂಗಸರು' ಅಂದೆಯಲ್ಲ... 'ಆಳೋಕೆ ಬರತ್ತಾ' ಅಂದೆಯಲ್ಲ... ಅದು ಯಾವ ತೌವಿನ ಮಾತು?"

ಅವನ ನಗು ನಿಂತಿತು.

"ನೀನು ನನ್ನ ತೌವು ಇರಬಹುದು. ಆ ಕೋಣೇಲಿ ನಕ್ಕ ಮಿಕ್ಕವರು ನನ್ನ ತೌವಾ? ಮೇಷ್ಟ್ರು? ಪ್ರನೀಲ್? ಅವರು ನಕ್ಕಿದ್ದು ನಮ್ಮೂರಿನ ಕೆಸರಿಗಲ್ಲ ಸೈರುಸಿ. ನನ್ನ ಲೆಕ್ಕ ಅದು! ಮೂರು ದಿನ ಬಸ್ಸಲ್ಲಿ ಕೂತು ಮಾಡಿದ ಲೆಕ್ಕ. ನಿನ್ನ ಒಂದು ತಮಾಷೆಗೆ ಇನ್ನೊಬ್ಬನ ಪಾಲಾಯ್ತು."

ಚೀಲದಿಂದ ಅರ್ಜಿ ತೆಗೆದು ತೋರಿಸಿದಳು. ಅವನು ಓದಿದ. ಕೈ ಅರ್ಜಿಯತ್ತ ಹೋಯಿತು, ಕಿತ್ತುಕೊಳ್ಳಲು...

ಅರ್ಧದಲ್ಲೇ ನಿಂತಿತು.

"ಇಲ್ಲ," ಎಂದ. "ಇದನ್ನ ನಾನು ತಗೊಳ್ಳೋ ಹಾಗಿಲ್ಲ. ಇದು ನಿಂದು."

ದೋಣಿಯವನು ಕೂಗಿದ. ಅವಳು ತಿರುಗಿ ನೋಡದೆ ಅಮ್ಮನ ಜೊತೆ ಹತ್ತಿದಳು.

ದಡದಲ್ಲಿ ಅವಳು ತೋರಿಸಿದ ಅರ್ಜಿಯನ್ನು ಅಮ್ಮನೂ ನೋಡಿದ್ದಳು. ಬಸ್ಸಿನಲ್ಲಿ, ಕಿಟಕಿಯಾಚೆ ನೋಡುತ್ತ, "ಸುಸ್ತಾಗಿದ್ರೆ ಬಿಟ್ಟುಬಿಡು ಮಗಳೇ. ನಾನು ಬೇಜಾರು ಮಾಡ್ಕೊಳ್ಳಲ್ಲ," ಅಂದಳು.

ಬಿಡು ಎಂದು ಅಮ್ಮನೂ ಅಂದಾಗಲೇ ಮಿಲಾಳಿಗೆ ಅಳು ಬಂದದ್ದು.

*

ಶುಕ್ರವಾರ ಮೂರೂವರೆ.

ಸಲಹಾ ಕೋಣೆಯ ಹೊರಗಿನ ಬೆಂಚಿನ ಮೇಲೆ ಸೈರುಸಿ ಕೂತಿದ್ದ. ಬೆಳಗಿನಿಂದ ಕೂತವನ ಹಾಗೆ ಬೆನ್ನು ಬಾಗಿತ್ತು. ಕಿವಿಯ ಹಿಂದೆ ಹೂವಿರಲಿಲ್ಲ.

ಅವಳು ಬಂದದ್ದು ಕಂಡು ಎದ್ದ. ಬೆಂಚಿನ ಮೇಲೆ ಕರವಸ್ತ್ರ ಬಿಚ್ಚಿದ. ಒಳಗೆ ಪೆನ್ನುಗಳು, ಹನ್ನೊಂದು! ಜೊತೆಗೆ ಅವಳು ಕಳೆದುಹೋಯಿತೆಂದುಕೊಂಡಿದ್ದ ಡಬ್ಬಿಯ ಮುಚ್ಚಳ.

"ತೌವು ತಗೊಂಡಿದ್ದನ್ನ ವಾಪಸ್ ಕೊಡಲ್ಲ. ಕೊಟ್ರೆ ನಮ್ಮೂರಿನೋರು ನನ್ನ ಮುಖಕ್ಕೆ ಉಗೀತಾರೆ. ಆದ್ರೂ ಕೊಡ್ತಿದೀನಿ. ತೌವು ಅಂತಲ್ಲ... ಸೈರುಸಿಯಾಗಿ ಕ್ಷಮೆ ಕೇಳ್ತಿದೀನಿ. ತಪ್ಪಾಯ್ತು."

ಅವಳು ಬೆಂಚಿನ ಈ ತುದಿಯಲ್ಲಿ ಕೂತಳು.

"ಬೆಳಿಗ್ಗೆ ಮೇಷ್ಟ್ರ ಹತ್ರ ಹೋಗಿದ್ದೆ," ಎಂದ ಅವನು. "ಆ ಲೆಕ್ಕ ಮಿಲಾಂದು ಅಂದೆ. ಅಂಕ ಹಾಕಿ ಆಯ್ತು, ಈಗೇನು ಅಂದ್ರು. ಸೋಮವಾರ ಎಲ್ಲರ ಮುಂದೆ ಹೇಳ್ತೀನಿ ಸರ್, ಎಲ್ಲರ ಮುಂದೆ ತಾನೆ ನಾನು ಬಾಯಿ ಹರಕೊಂಡಿದ್ದು ಅಂದೆ."

"ನೀನು ಹೇಳಿದ್ರೆ ನನ್ನ ಸುಸ್ತು ಹೋಗಲ್ಲ ಸೈರುಸಿ."

"ಗೊತ್ತು."

ಮಳೆಯ ಎರಚಲು ತಾಗದಂತೆ ಅವನು ಕರವಸ್ತ್ರವನ್ನು ಒಳಕ್ಕೆ ಸರಿಸಿದ.

"ನೀನು ಸುಮ್ಮನಿದ್ದಷ್ಟೂ ಎದೆ ಒಡೀತಿತ್ತು," ಎಂದ ಅವನು ಮೆಲ್ಲಗೆ. "ಹೇಗಾದ್ರೂ ನಿನ್ನ ಬಾಯಿ ಬಿಡಿಸ್ಬೇಕು ಅಂತ ದಿನಾ ಇನ್ನೂ ಜೋರಾಗಿ ಬೈದೆ. ನಮ್ಮೂರ ಬೈಗುಳ ಎಲ್ಲ ಖಾಲಿಯಾಯ್ತು. ಅವತ್ತು ನನ್ನ ಬಾಯಿಂದ ಬಂದಿದ್ದು ನಮ್ಮೂರ ಮಾತಲ್ಲ ಮಿಲಾ... ನಮ್ಮಪ್ಪನ ಮಾತು."

"ನಿಮ್ಮಪ್ಪನ ಮಾತಾ?"

"ನನಗೆ ಪುಟ್ಟ ಮಕ್ಕಳ ಶಾಲೆ ಮೇಷ್ಟ್ರಾಗ್ಬೇಕಿತ್ತು. ಒಂದನೇ ತರಗತಿ, ಎರಡನೇ ತರಗತಿ... ನಗಬೇಡ! ಅಪ್ಪ ಹೇಳಿದ, 'ಅದು ಹೆಂಗಸರ ಕೆಲಸ. ಗಂಡಸಾಗಿ ದುಡ್ಡು ಆಳೋದು ಕಲಿ.' ಮೂರು ತಿಂಗಳಿಂದ ಹಿಂದಿನ ಸಾಲಲ್ಲಿ ಕೂತು ನಿನ್ನ ಜಡೆ ನೋಡಿದ್ದು ಬಿಟ್ರೆ ಏನೂ ಕಲಿತಿಲ್ಲ."

ಮಿಲಾ ನಕ್ಕೇಬಿಟ್ಟಳು. ಎಷ್ಟು ದಿನವಾಗಿತ್ತೋ ಹೀಗೆ ನಕ್ಕು!

"ಆ ನಲವತ್ತೊಂದು ಜನದಲ್ಲಿ ಅರ್ಧ ಜನಾನ ಅವರಪ್ಪಂದಿರು ತಳ್ಳಿದ್ದು," ಎಂದ ಸೈರುಸಿ. "ಬೇಕು ಅಂತ, ಎಲ್ಲರೂ ಬೇಡ ಅಂದ್ರೂ ಬೇಕು ಅಂತ ಬಂದವಳು ನೀನು. ಹೋಗೋದಾದ್ರೆ ಹೋಗು. ಆದ್ರೆ ನನ್ನಿಂದ ಹೋಗಬೇಡ."

ಮೂರು ಐವತ್ತು.

ಅವಳು ಕರವಸ್ತ್ರದಿಂದ ಒಂದು ಪೆನ್ನು ತೆಗೆದಳು. ಮುಚ್ಚಳ ಬಿಚ್ಚಿದಳು. ಅರ್ಜಿಯನ್ನು ತೊಡೆಯ ಮೇಲೆ ಹರಡಿದಳು. ಹೆಸರಿನ ಜಾಗ ಖಾಲಿ.

ಹೆಸರು ಬರೆದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಯಾರೂ ನಗುವುದಿಲ್ಲ, ಯಾರಿಗೂ ಉತ್ತರ ಹೇಳಬೇಕಿಲ್ಲ. ಬರೆಯದಿದ್ದರೆ ಸೋಮವಾರ ಮತ್ತೆ ಅದೇ ಬಸ್ಸು, ಅದೇ ಬಾಗಿಲು, ಅದೇ ಮೂವತ್ತೇಳು ಗಂಡು ಹುಡುಗರು...

ಬಿಸಿಲಲ್ಲಿ ನಿಂತ ಅಮ್ಮ ಕಣ್ಣ ಮುಂದೆ ಬಂದಳು. ಬಟ್ಟೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದ ಆ ಕೈಗಳು.

ಆ ಮೇಜಿನ ಆ ಕಡೆ ಈಗಲೂ ಯಾರೋ ಒಬ್ಬ ಕೂತಿದ್ದಾನೆ. ಈ ಕಡೆ ಈಗಲೂ ಯಾರೋ ಒಬ್ಬ ತಿತಿಲಿಯಾ ಕಾಗದ ಹಿಡಿದು ನಿಂತಿದ್ದಾಳೆ.

ಮಿಲಾ ಪೆನ್ನಿನ ಮುಚ್ಚಳ ಹಾಕಿದಳು.

"ನನಗೆ ಇದು ಬೇಡ. ನಿನಗೋಸ್ಕರ ಅಲ್ಲ, ತಿಳ್ಕೋ."

"ಗೊತ್ತು ಕಣೇ." ಅವನ ಕಣ್ಣು ತುಂಬಿತ್ತು. "ನಿಜವಾಗ್ಲೂ ಬೇಡ್ವಾ?"

"ಬೇಡ ಅಂದ್ನಲ್ಲ!"

ಸೈರುಸಿ ಅರ್ಜಿಯನ್ನು ಅವಳ ತೊಡೆಯ ಮೇಲಿಂದ ಚಕ್ಕನೆ ಎಳೆದುಕೊಂಡ. ಪೆನ್ನನ್ನೂ ಕಿತ್ತುಕೊಂಡ. ಹೆಸರಿನ ಜಾಗದಲ್ಲಿ ಸರಸರ ತನ್ನ ಹೆಸರು ಬರೆದ. 'ಯಾವ ವಿಷಯಕ್ಕೆ' ಎಂಬಲ್ಲಿ, ಪ್ರಾಥಮಿಕ ಶಾಲಾ ಶಿಕ್ಷಕ.

"ಏಯ್, ಕಳ್ಳ!"

"ತೌವು ಕದಿಯಲ್ಲ. ತಗೋತಾನೆ!"

ಬಾಗಿಲು ತಳ್ಳಿ ಒಳಗೆ ಓಡಿದ. ಹೊರಗೆ ಕೂತವಳಿಗೆ ಹಿರಿಯರ ಮೃದು ದನಿ ಮೊದಲ ಸಲ ಏರಿದ್ದು ಕೇಳಿತು: "ಗಂಡು ಹುಡುಗ ಆಗಿ... ಸಣ್ಣ ಮಕ್ಕಳಿಗೆ... ನಿಮ್ಮಪ್ಪನಿಗೆ ಗೊತ್ತಾ ಇದು?" ಆಮೇಲೆ ಅವನ ದನಿ, ಹೆದರಿದ್ದರೂ ಗಟ್ಟಿಯಾಗಿ: "ಇವತ್ತು ಸಂಜೆ ಗೊತ್ತಾಗತ್ತೆ ಸರ್."

ಮೊಹರಿನ ಸದ್ದು. ನಾಲ್ಕಕ್ಕೆ ಎರಡು ನಿಮಿಷ.

ಅವನು ಹೊರಗೆ ಬಂದ. ಬೆಂಚಿನ ಮೇಲೆ, ಈ ಸಲ ಅವಳ ಪಕ್ಕದಲ್ಲೇ, ಧೊಪ್ಪನೆ ಕೂತ.

"ಅಪ್ಪ ಸಾಯಿಸ್ತಾನೆ ನನ್ನ."

"ಸಾಯಿಸಲಿ. ನಾನು ಬಂದು ಹೆಣದ ಮುಂದೆ ನಿಂತು ಬೈತೀನಿ."

ಅವನು ಬೆಕ್ಕಸಬೆರಗಾಗಿ ಅವಳನ್ನು ನೋಡಿದ. ಮೂರು ತಿಂಗಳು ಕಾದ ಸರದಿ... ಬಂದಿತ್ತು!

"ಏನಂತ ಬೈತೀಯ?"

"ಏಳೋ ಬಂಡೆ ನೆಕ್ಕೋನೇ! ನನ್ನ ಹನ್ನೊಂದು ಪೆನ್ನು ತಿಂದು ಮಲಗಿದೀಯಾ ಅಂತ."

ಇಬ್ಬರೂ ನಕ್ಕರು. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

"ನಾನೂ ನಿಂದು ಏನಾದ್ರೂ ತಗೋಬೇಕಲ್ಲ ಈಗ," ಅಂದಳು.

"ಸೋಮವಾರ ಎಲ್ಲರ ಮುಂದೆ ಹೇಳಿದ ಮೇಲೆ ಹಿಂದಿನ ಸಾಲಿನ ನನ್ನ ಸೀಟು ಖಾಲಿ."

"ಹಿಂದಿನ ಸಾಲು ಯಾರಿಗೆ ಬೇಕು? ನಾನು ನಡುಮಧ್ಯ ಕೂರ್ತೀನಿ."

"ಹಾಗಾದ್ರೆ..." ಅವನ ದನಿ ತಗ್ಗಿತು. "ನನ್ನ ಹತ್ರ ಇನ್ನೇನೂ ಇಲ್ಲ ಮಿಲಾ. ನಾನೊಬ್ಬ ಇದೀನಿ. ಬೇಕಾದ್ರೆ... ಕೇಳೋದೇ ಬೇಡ. ತಗೊಂಡ್ಬಿಡು."

ಮಿಲಾ ಅವನತ್ತ ಸರಿದಳು. ಮೆಲ್ಲಗೆ ವಾಲಿ ಅವನ ಭುಜದ ಮೇಲೆ ತಲೆಯಿಟ್ಟಳು. ಅವನು ಅಲುಗಾಡದೆ ಕೂತ.

"ತುಂಬಾ ಸುಸ್ತಾಗಿದೆ ಸೈರುಸಿ."

"ಮಲ್ಕೋ."

"ಐದಕ್ಕೆ ಬಸ್ಸು. ಅಮ್ಮ ಕಾಯ್ತಿರ್ತಾಳೆ. ಎಬ್ಬಿಸ್ತೀಯಾ?"

"ಬೈದೇ ಎಬ್ಬಿಸ್ತೀನಿ."

"ಏನಂತ?"

ಅವನು ಅವಳ ಒದ್ದೆ ಕೂದಲಿನ ಮೇಲೆ ಕೆನ್ನೆಯಿಟ್ಟ. ಮಳೆಗಿಂತ ಮೆಲುವಾದ ದನಿಯಲ್ಲಿ ಅಂದ:

"ಏಳೇ ಕೆಸರೇಡಿ... ಆಳೋಕೆ ಹೊ‌ತ್ತಾಯ್ತು ಅಂತ."

ಅವಳು ಕಣ್ಣು ಮುಚ್ಚಿಕೊಂಡೇ ನಕ್ಕಳು. ಆಗಲೇ ನಿದ್ದೆ ಬಂದಿತ್ತು.